ಗಜಣ್ಣನ ಹೆಜ್ಜೆ

ಹೆಸರು ಕೇಳಿ ಆನೆಯಂಥ ಆಳನ್ನು ಕಲ್ಪಿಸಿಕೊಂಡು ಬಂದವರಿಗೆ ಗಜಣ್ಣನನ್ನು ಕಂಡ ಕೂಡಲೇ ನಗು ಬರುತ್ತಿತ್ತು. ಊದಿದರೆ ಹಾರಿಹೋಗುವ ಮೈ, ಅದಕ್ಕೆ ಹೊಂದದ ಎರಡು ಉದ್ದನೆಯ ಕಾಲು. ಆ ಗಜ ಆನೆಯದಲ್ಲ, ಅಳತೆಯದು. ಅವನ ಒಂದು ಹೆಜ್ಜೆ ಅಂದರೆ ಸರಿಯಾಗಿ ಒಂದು ಗಜ, ಮೂವತ್ತಾರು ಇಂಚು. ಊರಿನ ಫುಟ್‌ಬಾಲ್ ತಂಡದಲ್ಲಿ ಹಾಫ್‌ಬ್ಯಾಕ್ ಆಗಿ ಆಡುತ್ತಿದ್ದ ಕಾಲದಲ್ಲಿ ಯಾರೋ ಪಂದ್ಯ ಕಟ್ಟಿ, ಟೇಪು ಹಿಡಿದು ಪರೀಕ್ಷೆ ಮಾಡಿ ಸೋತಿದ್ದರು. ಅಂದಿನಿಂದ ಅಪ್ಪ ಅಮ್ಮ ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿಯಿತು.

ಆಟ ಬಿಟ್ಟ ಮೇಲೂ ಅವನ ಹೊಟ್ಟೆಪಾಡು ಗಜದಲ್ಲೇ ನಡೆಯಿತು. ಬಟ್ಟೆ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಬಟ್ಟೆ ಅಳೆದು ಕೊಡುವ ಕೆಲಸ. ಅಳೆಯುವಾಗ ಬಟ್ಟೆಯನ್ನು ಸ್ವಲ್ಪ ಎಳೆದು ಹಿಡಿದರೆ ಹತ್ತು ಗಜಕ್ಕೆ ಒಂದು ಗೇಣು ಉಳಿಯುತ್ತದೆ ಎಂಬುದು ಆ ಕಸುಬಿನವರಿಗೆಲ್ಲ ಗೊತ್ತಿರುವ ಗುಟ್ಟು. ಗಜಣ್ಣ ಒಂದು ದಿನವೂ ಎಳೆದವನಲ್ಲ. ಬದಲಿಗೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿ ಹಾಕುತ್ತಿದ್ದ. ಸಾಹುಕಾರರು ಹಲ್ಲು ಕಡಿಯುತ್ತಿದ್ದರು, ಆದರೆ ಗಿರಾಕಿಗಳೆಲ್ಲ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರಿಂದ ಕಡಿದ ಹಲ್ಲಿನಲ್ಲೇ ನಗುತ್ತಿದ್ದರು. ಅಂಗಡಿ ಮೀಟರಿಗೆ ತಿರುಗಿದಾಗ ಹಳೆಯ ಕಬ್ಬಿಣದ ಗಜದ ಕೋಲನ್ನು ಗುಜರಿಗೆ ಹಾಕಲು ಬಿಡದೆ ಮನೆಗೆ ತಂದು ಬಾಗಿಲ ಹಿಂದೆ ನಿಲ್ಲಿಸಿದ್ದ.

ಫುಟ್‌ಬಾಲ್ ಮೈದಾನದ ಅಳತೆಯೂ ಅವನದೇ. ಆಟದ ಕಾಲ ಮುಗಿದ ಮೇಲೆ ಮೈದಾನವನ್ನು ಸರ್ಕಸ್ಸಿನವರಿಗೋ ವಸ್ತುಪ್ರದರ್ಶನದವರಿಗೋ ಬಿಟ್ಟುಕೊಟ್ಟು, ಗೋಲು ಕಂಬಗಳನ್ನು ಕಿತ್ತು ಶೆಡ್ಡಿಗೆ ಹಾಕುತ್ತಿದ್ದರು. ಮತ್ತೆ ಆಟ ಶುರುವಾಗುವ ವಾರ ಗಜಣ್ಣ ಬರಬೇಕು. ಮೂಲೆಯ ನೀರಿನ ತೊಟ್ಟಿಯ ಹತ್ತಿರ ಚಪ್ಪಲಿ ಬಿಟ್ಟು ಹೊರಟನೆಂದರೆ ಉದ್ದಕ್ಕೆ ನೂರ ಹತ್ತು ಹೆಜ್ಜೆ, ಅಗಲಕ್ಕೆ ಎಪ್ಪತ್ತು. ಅವನು ನಿಂತಲ್ಲಿ ಕಂಬ, ಅವನು ನಡೆದಲ್ಲಿ ಸುಣ್ಣದ ಗೆರೆ. ಹೊರಗಿನಿಂದ ಬರುವ ರೆಫ್ರಿಗಳು ಗಜಣ್ಣ ಹಾಕಿದ್ದೇ ಎಂದು ಕೇಳಿ, ಹೌದೆಂದರೆ ಟೇಪನ್ನು ಚೀಲದಿಂದ ತೆಗೆಯುತ್ತಲೇ ಇರಲಿಲ್ಲ.

ಇಷ್ಟೆಲ್ಲ ಇದ್ದೂ ತಂಡ ಮಾತ್ರ ಎಂಟು ವರ್ಷದಿಂದ ಹಳ್ಳ ಹಿಡಿಯುತ್ತ ಬಂದಿತ್ತು. ಬೀದಿಯಲ್ಲಿ ಹುಲಿ, ಮನೆಯಲ್ಲಿ ಇಲಿ ಅನ್ನುವುದು ಗಂಡಸರ ಮೇಲಿನ ಹಳೇ ಗಾದೆ. ಈ ತಂಡದ ಜಾತಕ ಅದರ ತಿರುಗುಮುರುಗು. ಸ್ವಂತ ಮೈದಾನದಲ್ಲಿ ಹೇಗೋ ಡ್ರಾ ಮಾಡಿಕೊಳ್ಳುತ್ತಿದ್ದರು, ಹೊರಗೆ ಹೋದರೆ ನಾಲ್ಕು ಗೋಲು, ಐದು ಗೋಲು ಹೊಡೆಸಿಕೊಂಡು ಬರುತ್ತಿದ್ದರು. ಕೊಟ್ಟ ಪಾಸು ಅರ್ಧ ದಾರಿಯಲ್ಲೇ ಸುಸ್ತಾಗುತ್ತಿತ್ತು. ಆಟಗಾರರೂ ಅರ್ಧ ಆಟದ ಹೊತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಈ ವರ್ಷ ಎರಡನೇ ಡಿವಿಜನ್ನಿನ ತಳದಲ್ಲಿದ್ದರು, ಮೂರನೆಯದಕ್ಕೆ ಬೀಳಲು ಒಂದು ನೂಕು ಸಾಕಿತ್ತು.

ಹಳೆಯ ಆಟಗಾರರ ಸಿಟ್ಟೆಲ್ಲ ಕ್ಯಾಪ್ಟನ್‌ನ ಕ್ಷೌರದಂಗಡಿಯಲ್ಲಿ ಕುದಿಯುತ್ತಿತ್ತು. ಹಿಂದೆ ಊರಿಗೆ ಏಕೈಕ ಕಪ್ಪು ತಂದ ತಂಡದ ಕ್ಯಾಪ್ಟನ್ ಅವನು. ತಂಡ ಸೋತ ಮಾರನೆಯ ದಿನ ಅವನ ಕೈಯ ಕತ್ತಿ ನಡುಗುತ್ತದೆಂದು ತಿಳಿದವರು ಸೋಮವಾರ ಗಡ್ಡ ಬಿಟ್ಟುಕೊಂಡೇ ಓಡಾಡುತ್ತಿದ್ದರು. ಅಲ್ಲಿ ಬೈಯುವವರ ಪೈಕಿ ಗಜಣ್ಣನ ಗಂಟಲೇ ದೊಡ್ಡದು. ಈಗಿನ ಹುಡುಗರ ಕಾಲಲ್ಲಿ ಕಸುವಿಲ್ಲ, ನಾವು ಆಡುವಾಗ ಚೆಂಡು ಈ ಗೆರೆಯಿಂದ ಆ ಗೆರೆಗೆ ಹೋಗುತ್ತಿತ್ತು ಎಂದು ಅವನು ಹೇಳದ ವಾರವಿರಲಿಲ್ಲ.

ಕಷ್ಟವೇನೆಂದರೆ ತಂಡದ ಕೋಚ್ ಅವನ ಬಾಮೈದ, ಹೆಂಡತಿಯ ಒಬ್ಬನೇ ತಮ್ಮ. ಶಾಲೆಯಲ್ಲಿ ಆಟದ ಮೇಷ್ಟ್ರು, ಮಾತು ಕಮ್ಮಿ. ಒಂದು ವರ್ಷದ ಹಿಂದೆ ಎಲ್ಲರೂ ಸೇರಿ ಅವನನ್ನು ಕ್ಷೌರದಂಗಡಿಗೆ ಕರೆಸಿ ವಿಚಾರಿಸಿದಾಗ ಅವನು ತಲೆ ತಗ್ಗಿಸಿ, ಹೊರಗಿನ ಮೈದಾನಗಳು ನಮ್ಮದಕ್ಕಿಂತ ದೊಡ್ಡದು ಅನ್ನಿಸುತ್ತೆ, ಹುಡುಗರಿಗೆ ಅಂದಾಜು ತಪ್ಪುತ್ತೆ ಎಂದಿದ್ದ. ಗಜಣ್ಣನೇ ಎದ್ದು ನಿಂತು, "ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ" ಎಂದುಬಿಟ್ಟ. ಅಂಗಡಿಯೆಲ್ಲ ನಕ್ಕಿತು. ಬಾಮೈದ ಎದ್ದುಹೋದ, ಅಂದಿನಿಂದ ಅಕ್ಕನ ಮನೆಯ ಹೊಸಿಲು ತುಳಿದಿರಲಿಲ್ಲ. ಹೆಂಡತಿ ಜಗಳವಾಡಲಿಲ್ಲ. ಆಡಿದ್ದರೆ ಗಜಣ್ಣನಿಗೆ ಹಗುರವಾಗುತ್ತಿತ್ತು.

ಈಗ ಮಾತು ಮುಂದಕ್ಕೆ ಹೋಗಿತ್ತು. ಕೋಚನ್ನು ತೆಗೆಯಬೇಕೆಂದು ಕ್ಲಬ್ಬಿನ ಅಧ್ಯಕ್ಷರಿಗೆ ಒಂದು ಪತ್ರ ತಯಾರಾಗಿ, ಹಳೆಯ ಆಟಗಾರರೆಲ್ಲ ಸಹಿ ಹಾಕಿದ್ದರು. ಮೊದಲನೆಯ ಸಹಿ ಕ್ಯಾಪ್ಟನ್‌ದು, ಎರಡನೆಯದು ಗಜಣ್ಣನದು. ಭಾನುವಾರ ಸಂಜೆ ಐದಕ್ಕೆ ಎಲ್ಲರೂ ಕ್ಷೌರದಂಗಡಿಯಲ್ಲಿ ಸೇರಿ, ಮೆರವಣಿಗೆಯ ಹಾಗೆ ಹೋಗಿ ಪತ್ರ ಕೊಡುವುದೆಂದು ನಿಶ್ಚಯವಾಗಿತ್ತು.

ಅದಕ್ಕೆ ಮುಂಚಿನ ಶನಿವಾರ ಗಜಣ್ಣ ಮನೆಗೆ ನೆಲಹಾಸು ತಂದ. ನಡುಮನೆಯಿಂದ ಅಡಿಗೆಮನೆಯವರೆಗೆ ಹಾಸಬೇಕೆಂದು ಹೆಂಡತಿ ಬಹಳ ದಿನದಿಂದ ಕೇಳುತ್ತಿದ್ದಳು. ಅವನು ಬೆಳಿಗ್ಗೆಯೇ ಹೆಜ್ಜೆ ಹಾಕಿ ನೋಡಿದ್ದ, ಆರು. ಅಂಗಡಿಯಲ್ಲಿ ಮೀಟರಿನ ಲೆಕ್ಕಕ್ಕೆ ತಿರುಗಿಸಿ ಆರು ಗಜ ಕತ್ತರಿಸಿ ಸುರುಳಿ ಸುತ್ತಿ ತಂದಿದ್ದ. ಬಿಚ್ಚಿ ಹಾಸಿದರೆ ಅದು ಅಡಿಗೆಮನೆಯ ಬಾಗಿಲು ದಾಟಿ ಒಲೆಯ ಬುಡದವರೆಗೂ ಹೋಗಿ ಕೂತಿತು. ಒಂದು ಗಜ ಹೆಚ್ಚು.

ಹೆಂಡತಿ ಬಿದ್ದು ಬಿದ್ದು ನಕ್ಕಳು. ಗಜಣ್ಣ ನಗಲಿಲ್ಲ. ಬಾಗಿಲ ಹಿಂದಿನ ಕಬ್ಬಿಣದ ಕೋಲು ತಂದು, ನೆಲದ ಮೇಲೆ ಒಂದು ಹೆಜ್ಜೆಯಿಟ್ಟು, ಪಕ್ಕದಲ್ಲಿ ಕೋಲು ಮಲಗಿಸಿದ. ಮೂವತ್ತು ಇಂಚು. ಮತ್ತೊಮ್ಮೆ ಇಟ್ಟ, ಕಾಲು ನೀಡಿ ನೋಡಿದ. ಮಂಡಿ ಹಿಡಿಯಿತೇ ಹೊರತು ಹೆಜ್ಜೆ ಬೆಳೆಯಲಿಲ್ಲ.

"ಏಣಿಯಿಂದ ಬಿದ್ದ ಮೇಲೆ ನೀವು ಹೀಗೇ ಅಲ್ವಾ ನಡಿಯೋದು," ಎಂದಳು ಹೆಂಡತಿ. "ನಿಮ್ಮ ಜೊತೆ ನಡೆದು ನಡೆದು ನನ್ನ ಹೆಜ್ಜೆನೂ ಗಿಡ್ಡ ಆಗಿದೆ."

ಅಂಗಡಿಯ ಏಣಿಯಿಂದ ಬಟ್ಟೆಯ ಸುರುಳಿಯ ಸಮೇತ ಬಿದ್ದು ಮಂಡಿ ಮುರಿದುಕೊಂಡಿದ್ದು ಎಂಟು ವರ್ಷದ ಹಿಂದೆ. ಎಂಟು ವರ್ಷ ಎಂದು ಮನಸ್ಸಿನಲ್ಲೇ ಎರಡು ಸಲ ಅಂದುಕೊಂಡು ಗಜಣ್ಣ ನೆಲಹಾಸಿನ ಮೇಲೆಯೇ ಕುಸಿದು ಕೂತ.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಕೋಲು ಹಿಡಿದು ಮೈದಾನಕ್ಕೆ ಹೋದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಅಲ್ಲಿ ಕಾಲಿಟ್ಟಿದ್ದು ಅದೇ ಮೊದಲು. ಅವನು ಕೋಲು ಮಲಗಿಸುವುದು, ಅವಳು ತುದಿಗೆ ಬೆರಳಿಟ್ಟು ಕೂರುವುದು, ಅವನು ಕೋಲೆತ್ತಿ ಅವಳ ಬೆರಳಿನಿಂದ ಮುಂದಕ್ಕಿಡುವುದು. ಎಣಿಕೆ ಅವಳದು. ಬಗ್ಗಿ ಬಗ್ಗಿ ಅವನ ಮಂಡಿ ಬೆಂಕಿಯಾಯಿತು, ಅವಳ ಸೊಂಟ ಹಿಡಿಯಿತು. ತೊಂಬತ್ತೊಂದು ಗಜವಾಗಿ, ತೊಂಬತ್ತೆರಡನೆಯದು ಆಚೆಯ ಗೋಲಿನ ಗೆರೆ ದಾಟಿ ಹೊರಗೆ ಚಾಚಿತು. ಅಗಲ ಅಳೆದರೆ ಐವತ್ತೆಂಟು ಚಿಲ್ಲರೆ. ಉದ್ದದಲ್ಲಿ ಹದಿನೆಂಟು ಗಜ, ಅಗಲದಲ್ಲಿ ಹನ್ನೆರಡು ಗಜದಷ್ಟು ಮೈದಾನವನ್ನು ಅವನ ಕಾಲು ಎಂಟು ವರ್ಷದಿಂದ ನುಂಗಿ ಕೂತಿತ್ತು.

"ನನ್ನ ತಮ್ಮ ಹೇಳಿದ್ದು ಇದನ್ನೇ ಅಲ್ವಾ," ಎಂದಳು ಹೆಂಡತಿ. ಒಂದು ವರ್ಷದಲ್ಲಿ ಅವಳು ತಮ್ಮನ ಮಾತೆತ್ತಿದ್ದು ಅದೇ ಮೊದಲು.

ಗಜಣ್ಣ ಸತ್ಯಸಂಧ, ನಿಜ. ಆದರೆ ಸುಮ್ಮನಿದ್ದುಬಿಡುವ ಯೋಚನೆ ಅವನಿಗೂ ಬಂತು. ಮುಂದಿನ ವರ್ಷ ಹೆಜ್ಜೆಗೆ ಹೆಜ್ಜೆ ಸೇರಿಸಿ ಸರಿಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಹೋಗುವುದು ಅವನ ಹೆಸರೇ. ಬಟ್ಟೆ ಅಂಗಡಿಯಲ್ಲಿ ಅವನನ್ನೇ ಹುಡುಕಿ ಬರುವ ಗಿರಾಕಿಗಳು ನಾಳೆ ಕತ್ತರಿ ಬೀಳುವ ಮುಂಚೆ ಇನ್ನೊಮ್ಮೆ ಅಳೆಯಿರಿ ಅಂದರೆ ಅವನು ಎಲ್ಲಿ ಮುಖವಿಡಬೇಕು? ಹೇಳದಿದ್ದರೆ ಸಂಜೆ ಐದಕ್ಕೆ ಬಾಮೈದನ ಕೆಲಸ ಹೋಗುತ್ತದೆ. ಮಧ್ಯಾಹ್ನ ಅವನಿಗೆ ಊಟ ಸೇರಲಿಲ್ಲ. ನಾಲ್ಕೂವರೆಗೆ ಎದ್ದು ಕೋಲು ತೆಗೆದುಕೊಂಡು ಹೊರಟ.

ಅಂಗಡಿಯಲ್ಲಿ ಹದಿನಾಲ್ಕು ಜನ ಸೇರಿದ್ದರು. ಕನ್ನಡಿಯ ಕೆಳಗೆ, ಬಾಚಣಿಗೆ ಡಬ್ಬಿಯ ಅಡಿಯಲ್ಲಿ ಪತ್ರವಿತ್ತು. ಕ್ಯಾಪ್ಟನ್ ಕೊನೆಯ ಗಿರಾಕಿಯ ಗಡ್ಡ ಮುಗಿಸುತ್ತಿದ್ದ. ಗಜಣ್ಣ ಎಲ್ಲರನ್ನೂ ಬೆಂಚಿನ ಕಡೆ ಸರಿಸಿ, ನಡುವೆ ಮೂರು ಹೆಜ್ಜೆ ನಡೆದು, ಅದರ ಮೇಲೆ ಕೋಲಿಟ್ಟ. ಎರಡೂವರೆ ಗಜ. ಬೆಳಿಗ್ಗೆ ಮೈದಾನದಲ್ಲಿ ಸಿಕ್ಕ ಲೆಕ್ಕವನ್ನೂ ಒಪ್ಪಿಸಿದ.

"ಹುಡುಗರದ್ದು ತಪ್ಪಿಲ್ಲ, ಕೋಚ್‌ದೂ ತಪ್ಪಿಲ್ಲ," ಎಂದ. "ನೆಲ ಡೊಂಕಾಗೇ ಇತ್ತು. ಡೊಂಕು ಮಾಡಿದ್ದು ನಾನು."

ಹಿಂದೆ ಗೋಲುಗಳ ಸರದಾರನಾಗಿದ್ದ ಹಲ್ಲಿನ ಡಾಕ್ಟ್ರು, ಅಷ್ಟು ಚಿಕ್ಕ ಮೈದಾನದಲ್ಲೂ ಇವರಿಗೆ ಗೋಲು ಹೊಡೆಯಲಾಗಲಿಲ್ಲವಲ್ಲ ಎಂದು ಗೊಣಗಿದರು. ಕ್ಯಾಪ್ಟನ್ ಡಬ್ಬಿ ಎತ್ತಿ ಪತ್ರ ತೆಗೆದ. ನಾಲ್ಕಾಗಿ ಮಡಚಿ, ಕತ್ತಿಯ ನೊರೆಯನ್ನು ಅದಕ್ಕೆ ಒರೆಸಿದ.

"ಎಂಟು ವರ್ಷ ಬೈದಿದ್ದೀವಲ್ಲೋ ಆ ಮಕ್ಕಳನ್ನ," ಎಂದ. ಸಹಿ ಹಾಕಿದವರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

ಅಲ್ಲಿಂದ ಗಜಣ್ಣ ನೆಟ್ಟಗೆ ಬಾಮೈದನ ಮನೆಗೆ ಹೋದ. ಬಾಮೈದ ಮೆಟ್ಟಿಲ ಮೇಲೆ ಕೂತು ಚೆಂಡುಗಳಿಗೆ ಗಾಳಿ ತುಂಬುತ್ತಿದ್ದ. ಭಾವನನ್ನು ಕಂಡು ಎದ್ದು ನಿಂತ. ಗಜಣ್ಣ ಕೂರದೆ, ನಿಂತಲ್ಲೇ ಎಲ್ಲವನ್ನೂ ಹೇಳಿ ಮುಗಿಸಿದ.

"ಗೊತ್ತಿತ್ತು ಭಾವ," ಎಂದ ಬಾಮೈದ.

ಹೋದ ವರ್ಷವೇ ಶಾಲೆಯ ಟೇಪು ತಂದು ಅಳೆದಿದ್ದನಂತೆ. ಕ್ಷೌರದಂಗಡಿಯಲ್ಲಿ ಹಾಗೆ ಸುತ್ತಿ ಬಳಸಿ ಹೇಳಿದ್ದು ಭಾವ ತಾನಾಗಿಯೇ ತಿಳಿದುಕೊಳ್ಳಲಿ ಎಂದು. ಅದು ಫಲಿಸದೆ ಹೋದಾಗ ಹುಡುಗರನ್ನು ಬೆಳಿಗ್ಗೆ ಶಾಲೆಯ ದೊಡ್ಡ ಬಯಲಿಗೆ ಕರೆದು ಓಡಿಸತೊಡಗಿದ್ದ. ಆದರೆ ವಾರಕ್ಕೆರಡು ದಿನದ ಓಟ ಎಂಟು ವರ್ಷದ ಅಭ್ಯಾಸವನ್ನು ಮುರಿಯಬೇಕಲ್ಲ.

"ಬಾಯಿ ಬಿಟ್ಟು ಹೇಳೋಕೇನಾಗಿತ್ತೋ? ಇವತ್ತು ನಿನ್ನ ಕೆಲಸ ಹೋಗ್ತಿತ್ತು."

"ಕೋಚ್ ಹೋದ್ರೆ ಇನ್ನೊಬ್ಬ ಬರ್ತಾನೆ ಭಾವ. ನಿಮ್ಮ ಹೆಜ್ಜೆ ತಪ್ಪು ಅಂತ ಅಷ್ಟು ಜನರ ಎದುರಿಗೆ ಹೇಗೆ ಹೇಳ್ಲಿ? ನಾನು ಆಟ ಕಲ್ತಿದ್ದೇ ನೀವು ಹಾಕಿದ ಗೆರೆ ಒಳಗೆ."

ಕ್ಷೌರದಂಗಡಿಯಲ್ಲಿ ಹದಿನಾಲ್ಕು ಜನರ ಮುಂದೆ ತಲೆ ಎತ್ತಿ ನಿಂತಿದ್ದ ಗಜಣ್ಣನಿಗೆ ಇಲ್ಲಿ ತಡೆಯಲಾಗಲಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತ. ಬಾಮೈದ ಏನು ಮಾಡಬೇಕೆಂದು ತೋಚದೆ ಇನ್ನೊಂದು ಚೆಂಡಿಗೆ ಗಾಳಿ ತುಂಬಿದ. ರಾತ್ರಿಯ ಊಟಕ್ಕೆ ಇಬ್ಬರೂ ಅಕ್ಕನ ಮನೆಗೆ ಒಟ್ಟಿಗೆ ಬಂದರು, ಅವಳು ಎರಡು ತಟ್ಟೆ ಹೆಚ್ಚಿಗೆ ತೊಳೆದಳು. ಒಂದು ತಟ್ಟೆ ಯಾರಿಗೆಂದು ಗಜಣ್ಣ ಕೇಳಿದರೆ, ಗಾಬರಿಯಲ್ಲಿ ಲೆಕ್ಕ ತಪ್ಪಿತು, ಈ ಮನೆಯಲ್ಲಿ ಅದೇನು ಹೊಸತೇ ಎಂದಳು.

ತಂಡ ಆ ವರ್ಷ ಮೂರನೇ ಡಿವಿಜನ್ನಿಗೆ ಇಳಿದೇ ಇಳಿಯಿತು. ಕಥೆ ಹೇಳುವವರು ಗೆಲ್ಲಿಸಿಬಿಟ್ಟರೆ ಲೀಗಿನ ಪಟ್ಟಿ ಕೇಳುತ್ತದೆಯೇ? ಆದರೆ ಅದು ಆಮೇಲಿನ ಮಾತು. ಮುಂದಿನ ಭಾನುವಾರವೇ ಹಳೆಯ ಆಟಗಾರರು, ಈಗಿನ ಹುಡುಗರು ಸೇರಿ ಕಂಬ ಕಿತ್ತು ಮೈದಾನ ಹೊಸದಾಗಿ ಅಳೆಯಲು ನಿಂತರು. ಗಜಣ್ಣ ಉದ್ದನೆಯ ಟೇಪು ತಂದು ಬಾಮೈದನ ಕೈಗೆ ಕೊಟ್ಟು, ಇನ್ನು ನನ್ನ ಕಾಲನ್ನು ನಂಬಬೇಡಿ ಎಂದು ಪಕ್ಕಕ್ಕೆ ಸರಿದ. ಬಾಮೈದ ಟೇಪನ್ನು ಜೇಬಿಗೆ ಹಾಕಿಕೊಂಡು, ಬೆರಳು ಮಡಚಿ, ನೂರ ಹತ್ತು ಗಜಕ್ಕೆ ಮೂವತ್ತು ಇಂಚಿನ ಹೆಜ್ಜೆ ಎಷ್ಟಾಗುತ್ತದೆಂದು ಲೆಕ್ಕ ಹಾಕಿದ.

"ಹೆಜ್ಜೆ ನಿಮ್ಮದೇ ಇರ್ಲಿ ಭಾವ. ಎಣಿಕೆ ನಾನು ನೋಡ್ಕೋತೀನಿ," ಎಂದ.

ಗಜಣ್ಣ ತೊಟ್ಟಿಯ ಹತ್ತಿರ ಚಪ್ಪಲಿ ಬಿಟ್ಟು ಹೊರಟ. ಹಿಂದೆಯೇ ಬಾಮೈದ ಗಟ್ಟಿಯಾಗಿ ಎಣಿಸುತ್ತ ಬಂದ. ಅವರ ಹಿಂದೆ ಸುಣ್ಣದ ಬುಟ್ಟಿ, ಕಂಬ ಹೊತ್ತ ಹುಡುಗರು, ಕ್ಯಾಪ್ಟನ್, ಹಲ್ಲಿನ ಡಾಕ್ಟ್ರು. ನೂರ ಹತ್ತಕ್ಕೆ ಗಜಣ್ಣನ ಕಾಲು ಅಭ್ಯಾಸದಿಂದ ತಾನಾಗಿಯೇ ನಿಂತಿತು.

"ನೂರ ಹನ್ನೊಂದು," ಎಂದ ಬಾಮೈದ.