ಅತ್ಲೋನ್‌ನ ಒದ್ದೆ ಹುಲ್ಲು

ಅತ್ಲೋನ್ ಎಂಬ ವಿದೇಶಿ ಊರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳೆಯ ನವೀನ ನನ್ನನ್ನು ಅಲ್ಲಿನ ಫುಟ್‌ಬಾಲ್ ಕ್ಲಬ್ಬಿನ ಮೈದಾನಕ್ಕೆ ಕರೆದುಕೊಂಡು ಹೋದ. ಅಂಚಿನಲ್ಲಿ ಚೆಂಡು ಒಯ್ಯುವ ಪೆರು ದೇಶದ ವಿಂಗರ್ ಒಬ್ಬನಿಗೆ ಅಂದು ತಂಡಕ್ಕೆ ಆಯ್ಕೆಯ ಟ್ರಯಲ್. ಮುಖ ಮಾತ್ರ ಜಪಾನಿನದು. ಮುತ್ತಜ್ಜ ಅಲ್ಲಿಂದ ಲಿಮಾಗೆ ವಲಸೆ ಹೋದವನಂತೆ. ವಯಸ್ಸು ಮೂವತ್ತನಾಲ್ಕು. ಇಲ್ಲಿಯೂ ಬೇಡವೆಂದರೆ ಅವನ ಆಟ ಮುಗಿದಂತೆಯೇ.

ಮೈದಾನದ ಗೆರೆ ದಾಟುವ ಮುನ್ನ ಅವನು ಬಗ್ಗಿ ನೆಲ ಮುಟ್ಟಿದ.

"ನೋಡೋ, ನಮ್ಮ ಥರಾನೇ ನೆಲಕ್ಕೆ ನಮಸ್ಕಾರ ಮಾಡ್ತಾನೆ," ಎಂದ ನವೀನ. ನಾನು ಹೋಗಿ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ.

ಅವನು ನಕ್ಕ. "ನಮಸ್ಕಾರ ಅಲ್ಲ, ಹುಲ್ಲು ಒದ್ದೆ ಇದೆಯಾ ಅಂತ ನೋಡಿದೆ. ಇದೆ. ನನ್ನನ್ನ ತಡೆಯೋನು ಇವತ್ತು ಜಾರ್ತಾನೆ, ತಿರುಗೋದು ತಡ."

ಎಡ ಅಂಚಿನಲ್ಲಿ ಅವನಿಗೆ ಮೊದಲ ಚೆಂಡು ಸಿಕ್ಕಿತು. ಅವನಿಗಿಂತ ಹತ್ತು ವರ್ಷ ಚಿಕ್ಕವನಾದ ಡಿಫೆಂಡರ್ ತಿರುಗುವಷ್ಟರಲ್ಲಿ ಅದು ಗೋಲಿನೊಳಗಿತ್ತು.

ನವೀನ ಬಗ್ಗಿ ಹುಲ್ಲು ಮುಟ್ಟಿ ನೋಡಿದ. "ಹೌದು ಕಣೋ, ಒದ್ದೆ ಐತೆ," ಎಂದವನೇ ಆ ಬೆರಳುಗಳನ್ನು ಕಣ್ಣಿಗೊತ್ತಿಕೊಂಡ.