ಪಕ್ಕದ ಸೀಟಿಗೊಬ್ಬರು

ನಮ್ಮ ಗ್ಯಾರೇಜಿನಲ್ಲಿ ಸುತ್ತಣ್ಣ ಅಂತ ಒಬ್ಬನಿದ್ದಾನೆ. ಎಲ್ಲಿಗೂ ಹೋಗದೆ ಗಾಡಿ ಓಡಿಸುವುದು ಅವನ ಕೆಲಸ. ಕೇಳಿದವರು ನಗುತ್ತಾರೆ. ಗ್ಯಾರೇಜು ಅಪ್ಪನಿಂದ ಮಗಳಾದ ನನ್ನ ಕೈಗೆ ಬಂದಾಗಿನಿಂದ, ಹೀಗೆ ನಗುವವರಿಗೆಲ್ಲ ವಿವರಿಸಿ ವಿವರಿಸಿ ನನ್ನ ಗಂಟಲ ಪಸೆ ಆರಿದೆ. ಆದರೂ ಇನ್ನೊಂದು ಸಲ ಹೇಳುತ್ತೇನೆ.

ಈಗಿನ ಕಾರುಗಳ ಹೊಟ್ಟೆಯಲ್ಲಿ ಒಂದು ಕಂಪ್ಯೂಟರ್ ಇರುತ್ತದೆ. ಹೊಗೆ ಹೇಗಿದೆ, ಪೆಟ್ರೋಲಿನ ಆವಿ ಎಲ್ಲಾದರೂ ಸೋರುತ್ತಿದೆಯೇ, ಸೆನ್ಸರ್‌ಗಳು ನೆಟ್ಟಗಿವೆಯೇ ಅಂತ ಅದು ತನ್ನಷ್ಟಕ್ಕೆ ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿರುತ್ತದೆ. ಬ್ಯಾಟರಿ ಸತ್ತರೆ, ಇಲ್ಲವೇ ನಾವು ಸ್ಕ್ಯಾನರ್ ಹಾಕಿ ಹಳೆಯ ದೋಷಗಳನ್ನು ಅಳಿಸಿದರೆ, ಆ ಪರೀಕ್ಷೆಗಳೆಲ್ಲ ಮೊದಲಿನಿಂದ ಶುರುವಾಗಬೇಕು. ಅವು ಮುಗಿಯುವ ತನಕ ತಪಾಸಣಾ ಕೇಂದ್ರದವರು ಗಾಡಿ ರೆಡಿ ಇಲ್ಲ ಅಂತ ಮುಖ ಸಿಂಡರಿಸಿ ವಾಪಸ್ ಕಳಿಸುತ್ತಾರೆ. ಮುಗಿಯಬೇಕಾದರೆ ಗಾಡಿ ಇಡೀ ರಾತ್ರಿ ತಣ್ಣಗೆ ನಿಂತಿರಬೇಕು. ಬೆಳಿಗ್ಗೆ ಚಾಲು ಮಾಡಿ ಸ್ವಲ್ಪ ಹೊತ್ತು ನಿಂತಲ್ಲೇ ಬಿಡಬೇಕು, ಆಮೇಲೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಬೇಕು, ಬ್ರೇಕ್ ಮುಟ್ಟದೆ ತಾನಾಗಿ ನಿಧಾನವಾಗಲು ಬಿಡಬೇಕು. ಇಷ್ಟೆಲ್ಲ ಮಾಡಲು ಯಾರಿಗಿದೆ ಪುರುಸೊತ್ತು? ಸುತ್ತಣ್ಣನಿಗಿದೆ.

ಮೊದಲು ಅವನು ದೂರದ ಊರುಗಳಿಗೆ ಲಾರಿ ಓಡಿಸುತ್ತಿದ್ದ. ಒಂದು ಸಲ ಟ್ರಿಪ್ ಮುಗಿಸಿ ಬಂದರೆ ಮನೆಗೆ ಬೀಗ. ಹೆಂಡತಿ ತನ್ನ ಅಣ್ಣನ ಮನೆ ಸೇರಿಕೊಂಡಿದ್ದಳು. ಕರೆಯಲು ಹೋದವನಿಗೆ, "ಇಲ್ಲೂ ಕಾಯೋದೇ, ಅಲ್ಲೂ ಕಾಯೋದೇ. ಇಲ್ಲಾದ್ರೆ ಮಾತಾಡೋಕೆ ಅತ್ತಿಗೆ ಇದ್ದಾಳೆ" ಅಂದಳಂತೆ. ಜಗಳ ಇಲ್ಲ, ರಂಪ ಇಲ್ಲ. ಅವಳು ಹೇಳಿದ್ದು ತಪ್ಪು ಅಂತ ಸುತ್ತಣ್ಣ ಇವತ್ತಿಗೂ ಅನ್ನುವುದಿಲ್ಲ.

ಟಯರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವನ ವಾಸ. ಜ್ವರ ಬಂದು ಮಲಗಿದ್ದಾನೆಂದು ನಾನೊಮ್ಮೆ ನೋಡಲು ಹೋಗಿದ್ದೆ. ಒಂದು ಮಂಚ, ಒಂದು ಕುರ್ಚಿ, ಕುರ್ಚಿಯ ಮೇಲೆ ಬಟ್ಟೆಯ ರಾಶಿ. ನನ್ನನ್ನು ಕೂರಿಸಬೇಕೆಂದು ಆ ರಾಶಿಯನ್ನು ಎತ್ತಿದವನು, ಎಲ್ಲಿಡಬೇಕೆಂದು ತೋಚದೆ, ನಾನು ಹೊರಡುವ ತನಕ ತಬ್ಬಿಕೊಂಡೇ ನಿಂತಿದ್ದ. ಬೈದು ಮಲಗಿಸಿ ಬಂದೆ. ರಜೆಯ ದಿನಗಳಲ್ಲೂ ಗ್ಯಾರೇಜಿನ ಮುಚ್ಚಿದ ಷಟರ್ ಮುಂದಿನ ಬೆಂಚಿನಲ್ಲಿ ಬಂದು ಕೂತಿರುತ್ತಾನೆ. ಯಾಕಣ್ಣ ಅಂದರೆ, "ಸುಮ್ನೆ ಬಂದೆ" ಅನ್ನುತ್ತಾನೆ.

ಇಂಥವನಿರುವ ಜಾಗಕ್ಕೆ ಟೈಲರಕ್ಕ ಬಂದಳು.

ಎದುರು ಬೀದಿಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಅವಳದು. ಒಂಟಿ ಹೆಂಗಸು, ಬಾಯಿ ತುಂಬ ಮಾತು. ಅವಳ ಅಣ್ಣ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಅವನ ಕಾರು ಅಂಗಡಿ ಮುಂದೆ ನಿಂತಲ್ಲೇ ನಿಂತು ಬ್ಯಾಟರಿ ಸತ್ತಿತ್ತು. ಕೊಳ್ಳುವವನೊಬ್ಬ ಸಿಕ್ಕಿದ್ದ, ಆದರೆ ತಪಾಸಣೆಯಲ್ಲಿ ಪಾಸಾದರೆ ಮಾತ್ರ ತಗೊಳ್ಳುತ್ತೇನೆ, ಈ ವಾರದೊಳಗೆ ಆಗಬೇಕು ಅಂದಿದ್ದ.

"ಹೋದ್ರೆ ಸಾಕು ಇದು" ಅಂದಳು ಟೈಲರಕ್ಕ ನನ್ನ ಕೌಂಟರಿಗೆ ಒರಗಿ. "ದಿನಾ ಬಾಗಿಲು ಎತ್ತಿದ ಕೂಡ್ಲೇ ಕಣ್ಣಿಗೆ ಬೀಳತ್ತೆ. ಇನ್ನೇನು ಅಣ್ಣ ಬಾಗಿಲು ತೆಗೆದು ಇಳೀತಾನೆ ಅನ್ಸತ್ತೆ. ದಿನಾ ಒಂದ್ಸಲ ಅವನು ಸತ್ತ ಹಾಗೆ ಆಗತ್ತೆ ನನಗೆ."

ಸುತ್ತಣ್ಣ ಪಕ್ಕದಲ್ಲೇ ಇದ್ದ. ಕೇಳಿಸಿಕೊಂಡ.

ಹೊಸ ಬ್ಯಾಟರಿ ಹಾಕಿದೆವು. ಕಂಪ್ಯೂಟರಿಗೆ ಏನೂ ನೆನಪಿರಲಿಲ್ಲ, ಎಲ್ಲ ಪರೀಕ್ಷೆಯೂ ಬಾಕಿ. ನಮ್ಮ ಅಂಗಳದಲ್ಲಿ ಜಾಗ ಇಲ್ಲದ್ದರಿಂದ ಗಾಡಿ ಅವಳ ಅಂಗಡಿ ಮುಂದೆಯೇ ರಾತ್ರಿ ತಣ್ಣಗಾಗಲಿ, ಬೆಳಿಗ್ಗೆ ಸುತ್ತಣ್ಣ ಬಂದು ಓಡಿಸಲಿ ಅಂತಾಯಿತು. ಮಾರನೇ ಬೆಳಿಗ್ಗೆ ನೋಡಿದರೆ ಟೈಲರಕ್ಕ ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ನೆಟ್ಟಗೆ ಕೂತಿದ್ದಾಳೆ. ನಮ್ಮ ಮೇಲೆ ನಂಬಿಕೆ ಇಲ್ಲದ ಗಿರಾಕಿಗಳು ಹೀಗೆ ಮಾಡುವುದುಂಟು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇರಲಿ ಬಿಡು, ಅವಳ ಗಾಡಿ ಅಂತ ನುಂಗಿಕೊಂಡೆ.

ಹೋಗಿ ಬಂದರು. ರೆಡಿ ಆಗಲಿಲ್ಲ ಅಂದ ಸುತ್ತಣ್ಣ. ಒಂದೊಂದು ಗಾಡಿ ಹಟಮಾರಿ ಇರುತ್ತದೆ, ಎರಡು ಮೂರು ದಿನ ಹಿಡಿಯುತ್ತದೆ, ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಮಾರನೇ ದಿನ ಮತ್ತೆ ಹೋದರು. ಅದರ ಮಾರನೇ ದಿನವೂ ಹೋದರು. ಅಷ್ಟರಲ್ಲಿ ಸುತ್ತಣ್ಣ ದಿನಾ ಗಡ್ಡ ಬೋಳಿಸಿಕೊಂಡು ಬರತೊಡಗಿದ್ದ. ಇಸ್ತ್ರಿ ಮಾಡಿದ ಅಂಗಿ ಬೇರೆ.

"ಏನಣ್ಣ, ಹೆಣ್ಣು ನೋಡೋಕೆ ಹೊರಟ ಹಾಗಿದೆ" ಅಂತ ಛೇಡಿಸಿದೆ.

"ಹೋಗಮ್ಮ" ಅಂದ, ಆದರೆ ಕಿವಿಯವರೆಗೂ ನಗು. ಗಾಡಿಯಲ್ಲಿ ಏನು ಮಾತಾಡುತ್ತೀರಿ ಅಂದೆ. "ಅವರು ಮಾತಾಡ್ತಾರೆ. ಯಾವ ಗಿರಾಕಿ ಹೊಟ್ಟೆ ಒಳಗೆ ಎಳ್ಕೊಂಡು ಅಳತೆ ಕೊಡ್ತಾನೆ, ಯಾರು ಹೊಲಿದ್ಮೇಲೆ ಬಿಗಿ ಆಯ್ತು ಅಂತ ಜಗಳಕ್ಕೆ ಬರ್ತಾರೆ, ಎಲ್ಲಾ ಹೇಳ್ತಾರೆ. ನಾನು ಕೇಳ್ತೀನಿ" ಅಂದ. ಅಷ್ಟು ಉದ್ದ ಅವನು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ನಾಲ್ಕನೇ ದಿನವೂ ಆಗಲಿಲ್ಲ ಅಂದಾಗ ನನಗೆ ರೇಗಿತು. ಕೊಳ್ಳುವವನು ಆಗಲೇ ಬೇರೆ ಗಾಡಿ ನೋಡುತ್ತೇನೆ ಅಂತ ಟೈಲರಕ್ಕನಿಗೆ ಫೋನ್ ಮಾಡಿದ್ದ. ಒಂದು ಸಣ್ಣ ಕಾರು ನಮ್ಮ ಗ್ಯಾರೇಜಿನ ಮಾನ ಕಳೆಯುವುದೇ ಅಂತ ದೊಡ್ಡ ಸ್ಕ್ಯಾನರನ್ನು ನಾನೇ ತೆಗೆದುಕೊಂಡು ಹೋಗಿ ಸ್ಟೀರಿಂಗ್ ಕೆಳಗೆ ಸಿಕ್ಕಿಸಿದೆ. ಆ ಕಂಪನಿಯವರು ತಮ್ಮ ಗಾಡಿಯ ಅರ್ಧ ಮಾಹಿತಿಗೆ ಬೀಗ ಜಡಿದು ಕೂತಿದ್ದಾರೆ, ಕೀಲಿಕೈ ಬೇಕಾದರೆ ವರ್ಷ ವರ್ಷ ದುಡ್ಡು ಸುರಿಯಬೇಕು, ಅದೊಂದು ಹೊಟ್ಟೆಯುರಿ ಬೇರೆ. ಆದರೆ ಒಂದು ಸಾಲು ಎಲ್ಲರಿಗೂ ಕಾಣುತ್ತದೆ. ನೆನಪು ಅಳಿಸಿದ ಮೇಲೆ ಗಾಡಿ ಎಷ್ಟು ದೂರ ಓಡಿದೆ ಅನ್ನುವ ಸಾಲು.

ನಾಲ್ಕು ದಿನ ಸುತ್ತಿದ ಗಾಡಿ ಅದು. ಆ ಸಾಲಿನಲ್ಲಿದ್ದ ದೂರ ನೋಡಿದರೆ, ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನಿಂದ ನಮ್ಮ ಬಾಗಿಲಿಗೆ ಎಷ್ಟೋ ಅಷ್ಟೇ. ಬ್ಯಾಟರಿ ಹೊಸದು, ತಂತಿ ಬಿಗಿ, ನೆನಪು ತಾನಾಗಿ ಅಳಿಸಿಹೋಗುವ ಮಾತೇ ಇಲ್ಲ. ಪರೀಕ್ಷೆ ಮುಗಿಯಿತೇ ಅಂತ ದಾರಿಯಲ್ಲಿ ನೋಡಿಕೊಳ್ಳಲಿ ಎಂದು ಸುತ್ತಣ್ಣನಿಗೆ ನಾನೇ ಒಂದು ಪುಟ್ಟ ಸ್ಕ್ಯಾನರ್ ಕೊಟ್ಟಿದ್ದೆ. ಅದರಲ್ಲಿ ಅಳಿಸುವ ಗುಂಡಿಯೂ ಇದೆ.

"ಅಣ್ಣ, ಇದನ್ನ ಅಳಿಸಿದ್ದು ಯಾರು?"

ಅವನು ಬಟ್ಟೆ ಚೂರಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದ. ಕೈಯಲ್ಲಿ ಎಣ್ಣೆಯೇ ಇರಲಿಲ್ಲ.

"ನಾನೇ" ಅಂದ. "ಮೊದಲ್ನೇ ದಿನಾನೇ ಎಲ್ಲಾ ರೆಡಿ ಆಗ್ಬಿಟ್ಟಿತ್ತಮ್ಮ. ಇನ್ನೊಂದು ದಿನ ಅಷ್ಟೇ ಅಂದ್ಕೊಂಡೆ."

"ಪ್ರತಿ ದಿನ ಹಾಗೇ ಅಂದ್ಕೊಂಡ್ಯಾ?"

"ಹೂಂ."

ನನ್ನ ಬಾಯಿಗೆ ಏನೇನು ಬಂತೋ ಅದನ್ನೆಲ್ಲ ಅಂದೆ. ಗಿರಾಕಿಯ ಕಣ್ಣಿಗೆ ಮಣ್ಣೆರಚುವ ಜಾಗವೇ ಇದು ಅಂದೆ. ಅಪ್ಪ ಇದ್ದಿದ್ದರೆ ಇವತ್ತೇ ಮನೆಗೆ ಕಳಿಸುತ್ತಿದ್ದರು ಅಂದೆ. ಅಷ್ಟು ಹೊತ್ತಿಗೆ ಕೊರಳಿಗೆ ಅಳತೆ ಟೇಪು ನೇತುಹಾಕಿಕೊಂಡು ಟೈಲರಕ್ಕನೇ ಒಳಗೆ ಬಂದಳು.

"ಇವತ್ತೂ ಆಗ್ಲಿಲ್ವಂತೆ? ನಾನೇನಾದ್ರೂ ಕೂರೋದ್ರಲ್ಲಿ ತಪ್ಪು ಮಾಡ್ತಿದೀನಾ? ಅಲುಗಾಡದೆ ಕೂತಿರ್ತೀನಲ್ಲ."

"ನೀವು ಕೂರೋದಕ್ಕೂ ಇದಕ್ಕೂ ಏನಕ್ಕ ಸಂಬಂಧ?" ಅಂದೆ.

"ಪಕ್ಕದ ಸೀಟಲ್ಲಿ ಭಾರ ಇದ್ರೇನೇ ಕಂಪ್ಯೂಟರ್ ಲೆಕ್ಕಕ್ಕೆ ತಗೊಳ್ಳತ್ತೆ ಅಂದ್ರಲ್ಲ ಇವರು. ಅಂಗಡಿ ಕೆಲಸ ಬಿಟ್ಟು ಬರ್ತಿದೀನಿ ದಿನಾ."

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ನಗು ಬರಲಿಲ್ಲ. ನಾನು ಸುತ್ತಣ್ಣನ ಮುಖ ನೋಡಿದೆ. ಅವಳಿಗೆ ಹೇಳುವ ಕಷ್ಟವನ್ನು ಅವನು ನನಗೆ ಬಿಡಲಿಲ್ಲ. "ಸುಳ್ಳು ಹೇಳಿದೆ. ಯಾರೂ ಕೂರ್ಬೇಕಾಗಿಲ್ಲ. ಗಾಡಿ ಮೊದಲ್ನೇ ದಿನಾನೇ ರೆಡಿ ಇತ್ತು. ದಿನಾ ನಾನೇ ಅಳಿಸ್ತಿದ್ದೆ" ಅಂತ ಅವಳಿಗೇ ನೇರವಾಗಿ ಹೇಳಿದ.

ಟೈಲರಕ್ಕ ಅಳತೆ ಟೇಪನ್ನು ಬೆರಳಿಗೆ ಸುತ್ತಿಕೊಂಡಳು.

"ಆ ಗಾಡಿ ನೋಡಿದ್ರೆ ನನಗೆ ಏನಾಗತ್ತೆ ಅಂತ ನಿಮ್ಮ ಎದುರಿಗೇ ಹೇಳಿದ್ದೆ" ಅಂದಳು. "ಆದ್ರೂ ದಿನಾ ತಂದು ನನ್ನ ಬಾಗಿಲಿಗೇ ನಿಲ್ಲಿಸಿದ್ರಿ."

"ಹೌದು."

"ಯಾಕೆ?"

"ಲಾರೀಲಿ ಅಷ್ಟು ವರ್ಷ, ಇಲ್ಲಿ ಇಷ್ಟು ವರ್ಷ. ಪಕ್ಕದಲ್ಲಿ ಯಾರಾದ್ರೂ ಕೂತು ಮಾತಾಡ್ತಿದ್ರೆ ದಾರಿ ಹೇಗಿರತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ."

"ಬಾಯಿಬಿಟ್ಟು ಕೇಳಬಹುದಿತ್ತಲ್ಲ?"

"ಕೇಳಿದ್ರೆ ಬರ್ತಿದ್ರಾ?"

ಅವಳು ನಿಜವಾಗಿಯೂ ಯೋಚನೆ ಮಾಡಿದಳು. ಬರುತ್ತಿದ್ದೆ ಅನ್ನು ಮಾರಾಯ್ತಿ, ಒಂದು ಸುಳ್ಳು ಹೇಳಿದರೆ ನಿನ್ನ ಗಂಟೇನು ಹೋಗುತ್ತದೆ ಅಂತ ನಾನು ಒಳಗೊಳಗೇ ಅಂದುಕೊಂಡೆ. ಆಗಷ್ಟೇ ಸುಳ್ಳಿನ ಮೇಲೆ ಭಾಷಣ ಬಿಗಿದ ಬಾಯಿ ನನ್ನದು.

"ಇಲ್ಲ" ಅಂದಳು ಟೈಲರಕ್ಕ. ಕೋಪದಲ್ಲಿ ಅನ್ನಲಿಲ್ಲ. ಬಟ್ಟೆ ಸಾಲದು ಅನ್ನುವ ಹಾಗೆ ಅಂದಳು, ಹೊರಟುಹೋದಳು.

ಮಾರನೇ ಬೆಳಿಗ್ಗೆ ಅವಳ ಅಂಗಡಿಗೆ ನಾನೂ ಹೋದೆ. ಷಟರ್ ಇನ್ನೂ ಎತ್ತಿರಲಿಲ್ಲ. ಸುತ್ತಣ್ಣ ಗಾಡಿ ಚಾಲು ಮಾಡಿ, ಗಡ್ಡ ಬೋಳಿಸದ ಮುಖ ಹೊತ್ತು, ಇಂಜಿನ್ ಬೆಚ್ಚಗಾಗಲಿ ಅಂತ ಕೂತಿದ್ದ. ನಾನು ಪಕ್ಕದ ಬಾಗಿಲು ತೆಗೆದೆ.

"ಸರ್ಕೋ ಅಂತೂ ಹೇಳ್ಬೇಕಾಗಿಲ್ಲ, ಜಾಗ ಇದೆ" ಅಂದೆ. "ಇವತ್ತು ನಾನು ಬರ್ತೀನಿ. ಮಾತಾಡೋದ್ರಲ್ಲಿ ನಾನೇನು ಅವರಿಗೆ ಕಮ್ಮಿ ಇಲ್ಲ."

ಅವನು ತಿರುಗಿ ನನ್ನನ್ನು ನೋಡಿದ. ನನ್ನ ಮೇಲೆ ಅವನಿಗೆ ಅಕ್ಕರೆ ಇದೆ, ಅಂಗಿಯ ಗುಂಡಿ ಹಾಕಲು ಬಾರದ ಕಾಲದಿಂದ ನೋಡಿದ್ದಾನೆ ನನ್ನನ್ನು.

"ಬೇಡಮ್ಮ" ಅಂದ. "ನೀನು ಅಯ್ಯೋ ಪಾಪ ಅಂತ ಬರ್ತಿದೀಯ. ಅವರು ಹಾಗೆ ಬಂದಿರ್ಲಿಲ್ಲ. ತಾವಿಲ್ದೆ ಕೆಲಸ ಆಗಲ್ಲ ಅಂತ ನಂಬ್ಕೊಂಡು ಬರ್ತಿದ್ರು. ನಾಲ್ಕು ದಿನ ಸಿಕ್ತು ನನಗೆ ಅದು, ಸಾಕು."

ನಾನು ಬಾಗಿಲು ಹಾಕಿದೆ. ಅವನು ಹೆದ್ದಾರಿಯ ಕಡೆಗೆ ಹೋದ. ಟೈಲರಕ್ಕ ಷಟರ್ ಎತ್ತುವ ಹೊತ್ತಿಗೆ ಅಂಗಡಿ ಮುಂದೆ ಜಾಗ ಖಾಲಿ ಇತ್ತು, ಮಧ್ಯಾಹ್ನದೊಳಗೆ ಗಾಡಿ ಪಾಸಾಗಿ ಕೊಂಡವನ ಕೈ ಸೇರಿತು.