ನಡುದಾರಿಯಲ್ಲಿ ನಿಂತ ಹಾಡು

ನಾನು ಬಾಯಿ ಜೋರಿನ ಹೆಂಗಸು. ಹೊಳೆನರಸೀಪುರದಲ್ಲಿ ನಮ್ಮ ಬೀದಿಯವರನ್ನು ಬೇಕಾದರೆ ಕೇಳಿ, ನನ್ನ ಹತ್ತಿರ ಬ್ಲೌಸ್ ಹೊಲಿಸಿಕೊಳ್ಳೋಕೆ ಬರುವವರನ್ನು ಕೇಳಿ, ಎಲ್ಲರೂ ಅದನ್ನೇ ಹೇಳ್ತಾರೆ. ತೋಳು ಬಿಗಿಯಾದರೆ "ನೀವು ದಪ್ಪ ಆಗಿದೀರ" ಅಂತೀನೇ ಹೊರತು ಅಳತೆ ತಪ್ಪಿದೆ ಅಂತ ಒಪ್ಪಿಕೊಂಡ ದಿನವೇ ಇಲ್ಲ. ಅಂಥವಳು ಒಂದು ಮಾತನ್ನು ಮಾತ್ರ ಏಳು ತಿಂಗಳು ಬಾಯೊಳಗೇ ಇಟ್ಟುಕೊಂಡಿದ್ದೆ. ನಮ್ಮ ಮಾವ ಪ್ರಾಣ ಬಿಡುವ ಮುಂಚೆ ಕೇಳುತ್ತಿದ್ದ ಹಾಡನ್ನು ಅರ್ಧಕ್ಕೆ ನಿಲ್ಲಿಸಿದವಳು ನಾನು. ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಾವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಚನ್ನರಾಯಪಟ್ಟಣದಿಂದ ಹೊಳೆನರಸೀಪುರ, ಅಲ್ಲಿಂದ ಅರಕಲಗೂಡು, ಮತ್ತೆ ವಾಪಸ್. ರಿಟೈರಾಗುವವರೆಗೂ ಹೆಚ್ಚುಕಮ್ಮಿ ಅದೇ ರೂಟು. ಒಂದು ದಿನ ಅರಕಲಗೂಡಿನಲ್ಲಿ ಜನ ಎಲ್ಲ ಇಳಿದ ಮೇಲೆ ಕೊನೇ ಸೀಟಿನ ಮೇಲೆ ಒಂದು ಕ್ಯಾಸೆಟ್ ಬಿದ್ದಿತ್ತಂತೆ. ಡಬ್ಬಿ ಇಲ್ಲ, ಚಿತ್ರ ಇಲ್ಲ, ಮೇಲೆ ಅಳಿಸಿಹೋದ ಇಂಗ್ಲಿಷ್ ಅಕ್ಷರ. ಬಸ್ಸಲ್ಲಿ ಸಿಕ್ಕಿದ್ದನ್ನು ಡಿಪೋಗೆ ಒಪ್ಪಿಸಬೇಕು. ಮಾವ ಒಪ್ಪಿಸಲಿಲ್ಲ.

"ಯಾರಾರ ಕೇಳ್ಕಂಡು ಬಂದ್ರೆ ಕೊಡಾನ ಅಂತ ಬ್ಯಾಗಲ್ಲೇ ಮಡೀಕಂಡಿದ್ದೆ ಕಣವ್ವ, ಯಾರೂ ಬರ್ನಿಲ್ಲ" ಅನ್ನೋರು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸೋರು. "ಕೊನೇ ಸೀಟಿಗೆ ಟಿಕೆಟ್ ಅರ್ದಿದ್ದು ಗ್ಯಾಪ್ಕ ಅದೆ. ಮಖ ಗ್ಯಾಪ್ಕ ಇಲ್ಲ." ಹತ್ತು ವರ್ಷದ ಹಿಂದೆ ಚಿಲ್ಲರೆಗೆ ಜಗಳ ಆಡಿದವನ ಮುಖವನ್ನೂ ಮರೆಯದ ಮನುಷ್ಯ ಅವರು. ಈ ಮಾತು ಹೇಳುವಾಗ ಮಾತ್ರ ನನಗೆ ಅವರ ಮುಖ ನೋಡೋಕೆ ಆಗುತ್ತಿರಲಿಲ್ಲ.

ಕ್ಯಾಸೆಟ್ಟಿನಲ್ಲಿ ಇದ್ದದ್ದು ಐರ್ಲೆಂಡಿನ ಹಳೇ ಹಾಡುಗಳು. ಅದು ನಮಗೆ ತಿಳಿದದ್ದು ಬಹಳ ತಡವಾಗಿ. ಅಲ್ಲಿಯವರೆಗೂ ಸಿಕ್ಕ ಊರಿನ ಮೇಲೆ ನಮ್ಮನೆಯಲ್ಲಿ ಅದಕ್ಕೆ ಅರಕಲಗೂಡು ಹಾಡು ಅಂತಲೇ ಹೆಸರು. ಒಂದು ಗಂಡಸಿನ ದನಿ. ತಬಲ ಇಲ್ಲ, ಶ್ರುತಿಪೆಟ್ಟಿಗೆ ಇಲ್ಲ. ಕೆಲವು ಹಾಡಿಗೆ ಎಲ್ಲೋ ದೂರದಲ್ಲಿ ಪಿಯಾನೊ ಇದೆ, ಕೆಲವಕ್ಕೆ ಅದೂ ಇಲ್ಲ. ದನಿ ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗುತ್ತೆ, ಆದರೆ ಕಿರುಚೋದಿಲ್ಲ, ಒಡೆಯೋದಿಲ್ಲ. ಮಾವ ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಕೋಣೆಯಲ್ಲಿ ಟೇಪ್‌ರೆಕಾರ್ಡರ್ ಹಾಕಿಕೊಂಡು ಕಣ್ಣು ಮುಚ್ಚಿ ಕೂರೋರು.

"ಕಲ್ತ ಗಂಟ್ಲು ಕಣವ್ವ ಇದು. ಬಾಯಿಂದ ಬತ್ತಾ ಇಲ್ಲ, ಒಟ್ಟೆಯಿಂದ ಬತ್ತಾ ಅದೆ. ಉಸ್ರು ನೋಡು! ಒಳೆನರಸೀಪುರದಲ್ಲಿ ಎಳ್ಕಂಡ ಉಸ್ರ ಅರಕಲಗೂಡ್ಗೆ ಓಗಿ ಬಿಡ್ತಾನೆ."

ಸೀಟಿ ಊದಿ ಊದಿ, ಊರ ಹೆಸರು ಕೂಗಿ ಕೂಗಿ ಗಂಟಲು ಸವೆಸಿದವರಿಗೆ ಉಸಿರಿನ ಬೆಲೆ ಗೊತ್ತು. ನನಗೆ ಮಾತ್ರ ಆ ಉಸಿರೇ ಆಗುತ್ತಿರಲಿಲ್ಲ. ಪ್ರತಿ ಸಾಲಿನ ಮುಂಚೆ ಆ ಕಾಣದ ಗಂಡಸು ಉಸಿರೆಳೆಯೋದು ಟೇಪಿನಲ್ಲಿ ಸ್ಪಷ್ಟವಾಗಿ ಕೇಳುತ್ತೆ. ಮಿಷಿನ್ ತುಳೀತಾ ಕೂತಿದ್ದರೆ ನನ್ನ ಬೆನ್ನ ಹಿಂದೆಯೇ ಯಾರೋ ನಿಂತು ಉಸಿರೆಳೆದ ಹಾಗೆ. ಎಷ್ಟು ಸಲ ತಿರುಗಿ ನೋಡಿದೀನೋ ಲೆಕ್ಕ ಇಲ್ಲ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ನನ್ನ ತವರು ಅರಕಲಗೂಡಿನ ಹತ್ತಿರದ ಹಳ್ಳಿ. ನಮ್ಮಮ್ಮನ ತಾಯಿ, ನಮ್ಮಜ್ಜಿ, ಸಾವಿನ ಮನೆಗಳಲ್ಲಿ ಹಾಡಿಕೊಂಡು ಅಳೋದರಲ್ಲಿ ಹೆಸರಾದವಳು. ಸತ್ತವರ ಗುಣ, ಅವರು ಕಟ್ಟಿದ ಮನೆ, ಸಾಕಿದ ಎತ್ತು, ಎಲ್ಲವನ್ನೂ ರಾಗವಾಗಿ ಎಳೆದು ಅತ್ತಳು ಅಂದರೆ ಹೆಣ ಹೊರೋಕೆ ಬಂದ ಗಂಡಸರೂ ಟವೆಲ್ಲಿನಲ್ಲಿ ಕಣ್ಣು ಒರೆಸಿಕೊಳ್ಳೋರು. ಚಿಕ್ಕವಳಿದ್ದಾಗ ಒಂದು ಸಲ ಹೂ ಕಟ್ಟುತ್ತಾ ನಾನು ಆ ರಾಗ ಗುನುಗಿದೆ. ಅಜ್ಜಿ ಬಂದು ಬಾಯಿಗೇ ಹೊಡೆದಳು. "ಸಾವಿಲ್ದಿರೋ ಮನೇಲಿ ಆ ರಾಗ ತೆಗೀಬಾರ್ದು ಕಣೇ ಮುಂಡೇದೆ. ತೆಗುದ್ರೆ ಅದುಕ್ಕೊಂದು ಎಣ ಬೇಕಾಯ್ತದೆ" ಅಂದಳು. ಆವತ್ತೇ ಹೊಸಲಿಗೆ ನೀರು ಹಾಕಿ ತೊಳೆಸಿದಳು.

ಮಾವನ ಕ್ಯಾಸೆಟ್ಟಿನಲ್ಲಿ ಮೂರನೇ ಹಾಡು ಇತ್ತಲ್ಲ, ಅದು ಅದೇ ರಾಗ. ಪೂರ್ತಿ ಅದೇ ಅಲ್ಲದಿದ್ದರೂ ಅದೇ ಎಳೆತ. ಸಾಲಿನ ಕೊನೇ ಪದವನ್ನು ಉದ್ದಕ್ಕೆ ಎಳೆದು, ತುದಿಯಲ್ಲಿ ಸ್ವಲ್ಪ ಜಾರಿಸಿ ಬಿಡೋದು. ನಮ್ಮಜ್ಜಿ ಹಾಗೇ ಬಿಡುತ್ತಿದ್ದಳು. ಮೊದಲ ಸಲ ಕೇಳಿದಾಗ ಮಿಷಿನ್ ಮೇಲಿದ್ದ ನನ್ನ ಕಾಲು ನಿಂತೇಹೋಯಿತು. ಭಾಷೆ ತಿಳಿಯದಿದ್ದರೇನು, ಅಳು ತಿಳಿಯೋದಿಲ್ಲವೇ ಅಂದುಕೊಂಡೆ.

"ಮಾವ, ಆ ಗೋಳೊಂದನ್ನ ಮನೇಲಿ ಹಾಕಬೇಡಿ, ನಿಮ್ಮ ದಮ್ಮಯ್ಯ" ಅಂದೆ.

"ನಿನ್ ಮಿಷಿನ್ ಗೋಳಿಗಿಂತ ವಾಸಿ ಓಗವ್ವ" ಅಂತ ನಕ್ಕುಬಿಟ್ಟರು.

ಆಮೇಲೆ ಅವರಿಗೆ ಶ್ವಾಸಕೋಶದ ಕಾಯಿಲೆ ಬಂತು. ಹಾಸನದ ಡಾಕ್ಟರು ಇನ್ನು ಆಸ್ಪತ್ರೆಯಲ್ಲಿ ಮಾಡೋದೇನಿಲ್ಲ ಅಂತ ಮನೆಗೆ ಕಳಿಸಿದರು. ಜೊತೆಗೆ ಆಕ್ಸಿಜನ್ ಮಿಷಿನ್ ಬಂತು. ಹಗಲೂ ರಾತ್ರಿ ಬುಸ್ ಅನ್ನೋದು, ನಿಲ್ಲೋದು, ಮತ್ತೆ ಬುಸ್. ಮನೆಗೇ ಇನ್ನೊಂದು ಜೀವ ಸೇರಿಕೊಂಡ ಹಾಗಿತ್ತು. ನಮ್ಮೆಜಮಾನರಿಗೆ ಚನ್ನರಾಯಪಟ್ಟಣದಲ್ಲಿ ಹಾರ್ಡ್‌ವೇರ್ ಅಂಗಡಿ, ಅವರು ಬೆಳಿಗ್ಗೆ ಹೋದರೆ ಬರೋದು ಕತ್ತಲಾದ ಮೇಲೆ. ಮಗಳು ಹಾಸನದಲ್ಲಿ ಓದುತ್ತಿದ್ದಳು. ಅತ್ತೆಗೆ ಮಂಡಿನೋವು. ಮಾವನ ಹತ್ತಿರ ಕೂರುವವಳು ನಾನೇ.

ಆ ದಿನ ಅತ್ತೆ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಹನ್ನೊಂದಾಗಿತ್ತು. ಮಾವ ಟೇಪ್‌ರೆಕಾರ್ಡರ್ ಕಡೆ ಬೆರಳು ತೋರಿಸಿದರು. ಬೇಡ ಅನ್ನೋಕೆ ಮನಸ್ಸು ಬರಲಿಲ್ಲ, ಹಾಕಿದೆ. ಎರಡು ಹಾಡು ಆಯಿತು, ಮೂರನೆಯದು ಶುರುವಾಯಿತು. ನಾನು ಮಾವನ ಎದೆ ನೋಡುತ್ತಾ ಕೂತಿದ್ದೆ. ಟೇಪಿನವನು ಉಸಿರೆಳೆದಾಗ ಮಾವನೂ ಎಳೆದರು. ಅವನು ಹಿಡಿದಾಗ ಇವರೂ ಹಿಡಿದರು. ಅವನು ಬಿಟ್ಟ ಮೇಲೇ ಇವರು ಬಿಟ್ಟರು. ಪಕ್ಕದಲ್ಲಿ ಆಕ್ಸಿಜನ್ ಮಿಷಿನ್ ತನ್ನ ಪಾಡಿಗೆ ಬೇರೆ ಲೆಕ್ಕದಲ್ಲಿ ಬುಸ್ ಅಂತಿದೆ, ಮಾವನ ಎದೆ ಮಾತ್ರ ಆ ಹಾಡಿನವನ ಜೊತೆ ಏಳುತ್ತಿದೆ, ಇಳಿಯುತ್ತಿದೆ.

ಹಾಡು ಮೇಲಕ್ಕೆ ಹೋಯಿತು. ಅವನು ಆ ದೊಡ್ಡ ಉಸಿರನ್ನು ಹಿಡಿದ. ಮಾವನ ಎದೆ ಎದ್ದದ್ದು ಹಾಗೇ ನಿಂತಿತು. ಒಂದು, ಎರಡು, ಮೂರು, ನಾಲ್ಕು... ಇಳಿಯಲಿಲ್ಲ. ತುಟಿ ನೀಲಿ. ಅಜ್ಜಿ ಕಿವಿಯಲ್ಲೇ ಬಂದು ಹೇಳಿದ ಹಾಗಾಯಿತು, ಎಣ ಬೇಕಾಯ್ತದೆ ಅಂತ. ಅಯ್ಯೋ ಶಿವನೇ ಅಂದವಳೇ ಹಾರಿ ಹೋಗಿ ಗುಂಡಿ ಒತ್ತಿಬಿಟ್ಟೆ. ಟಕ್.

ಮಾವ ಕಣ್ಣು ಬಿಟ್ಟರು. ನನ್ನನ್ನೇ ನೋಡಿದರು. ಕೋಪ ಇರಲಿಲ್ಲ, ಇದ್ದಿದ್ದರೆ ವಾಸಿಯಾಗಿತ್ತು.

"ನಡುದಾರೀಲಿ ಇಳ್ಸಿಬುಟ್ಯಲ್ಲವ್ವ" ಅಂದರು.

ಅದೇ ಅವರ ಕೊನೇ ಮಾತು. ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿಬಿಟ್ಟರು.

ಜನ ಸೇರಿದರು. ಅಂಥ ಅಜ್ಜಿಯ ಮೊಮ್ಮಗಳು, ಮೇಲಾಗಿ ಬಾಯಿಬಡುಕಿ, ನಾನು ಹಾಡಿಕೊಂಡು ಅಳ್ತೀನಿ ಅಂತ ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ನನ್ನ ಗಂಟಲಿಂದ ಒಂದು ಸ್ವರ ಹೊರಡಲಿಲ್ಲ. "ಒಂದ್ ತೊಟ್ ಕಣ್ಣೀರು ಆಕ್ನಿಲ್ಲ ನೋಡಿ ಸೊಸೆ" ಅಂದಿದ್ದು ನನ್ನ ಕಿವಿಗೂ ಬಿತ್ತು. ಬೇರೆ ದಿನವಾಗಿದ್ದರೆ ಅಂದವಳ ಜುಟ್ಟು ಹಿಡಿಯುತ್ತಿದ್ದೆ. ಆವತ್ತು ಸುಮ್ಮನೆ ಗೋಡೆಗೆ ಒರಗಿಕೊಂಡೆ.

ಹನ್ನೊಂದನೇ ದಿನ ಹೊಳೆದಂಡೆಯಲ್ಲಿ ಎಡೆ ಇಟ್ಟರೆ ಕಾಗೆ ಮುಟ್ಟಲಿಲ್ಲ. ಸತ್ತವರಿಗೆ ಏನೋ ಆಸೆ ಉಳಿದಿದೆ ಅಂತ ಎಲ್ಲರೂ ಕೈ ಮುಗಿದು ಒಂದೊಂದು ಮಾತು ಕೊಟ್ಟರು. ಹೆಂಡತೀನ ಚೆನ್ನಾಗಿ ನೋಡ್ಕೋತೀವಿ, ಮೊಮ್ಮಗಳ ಮದುವೆ ಮಾಡ್ತೀವಿ, ತೆಂಗಿನ ತ್ವಾಟ ಮಾರಲ್ಲ. ಕಾಗೆ ಬಂದು ಸುತ್ತ ಕುಪ್ಪಳಿಸುತ್ತೆ, ಎಲೆ ನೋಡುತ್ತೆ, ಹಾರಿಹೋಗುತ್ತೆ. ಆಸೆ ಏನು ಅಂತ ಗೊತ್ತಿದ್ದವಳು ನಾನೊಬ್ಬಳೇ. ಹೇಳಲಿಲ್ಲ. ಹೇಳಿದರೆ ಅತ್ತೆ ನನ್ನ ಮುಖ ಮತ್ತೆ ನೋಡ್ತಾರಾ ಅನ್ನೋ ಹೆದರಿಕೆ. ಕಡೆಗೆ ಹಸುವಿಗೆ ತಿನ್ನಿಸಿ ಬಂದರು.

ಆಕ್ಸಿಜನ್ ಮಿಷಿನ್ ವಾಪಸ್ ಕೊಟ್ಟು ಕೋಣೆ ತೊಳೆದೆವು. ಆದರೆ ದಿನಾ ಹನ್ನೊಂದಕ್ಕೆ ಆ ಕೋಣೆಯಿಂದ ಒಂದು ಉಸಿರು ಕೇಳೋದು. ಎಳೆಯೋದು ಮಾತ್ರ ಕೇಳೋದು, ಬಿಡೋದು ಕೇಳುತ್ತಿರಲಿಲ್ಲ. ನಾನು ಹೊಲಿಗೆ ಮಿಷಿನ್ ನಿಲ್ಲಿಸಿ, ಕತ್ತರಿ ಕೈಯಲ್ಲಿ ಹಿಡಿದು, ಬಿಡೋದಕ್ಕೇ ಕಾಯುತ್ತಾ ಕೂರುತ್ತಿದ್ದೆ. ಕಾದು ಕಾದು ನನ್ನ ಎದೆಯೇ ಕಟ್ಟಿಕೊಳ್ಳೋದು. ಬ್ಲೌಸುಗಳ ಅಳತೆ ನಿಜವಾಗಿಯೂ ತಪ್ಪತೊಡಗಿತು.

ಪಕ್ಷಕ್ಕೆ ಅಂತ ಮಗಳು ಹಾಸನದಿಂದ ಬಂದಳು. ಹಿರಿಯರಿಗೆ ಎಡೆ ಇಡೋ ಹಬ್ಬವನ್ನು ನಮ್ಮ ಕಡೆ ಪಕ್ಷ ಅಂತಾರೆ. ತಾತನ ಕೋಣೆ ಗುಡಿಸುವಾಗ ಅವಳಿಗೆ ಟೇಪ್‌ರೆಕಾರ್ಡರ್ ಸಿಕ್ಕಿತು. ಕ್ಯಾಸೆಟ್ ಹೊರಗೆ ತೆಗೆದು ಅಳಿಸಿಹೋದ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಫೋನಿನಲ್ಲಿ ಹುಡುಕಿದಳು.

"ಇದು ಐರ್ಲೆಂಡ್ ಹಳ್ಳಿಗಳ ಹಳೇ ಹಾಡಮ್ಮ. ದೊಡ್ಡ ದೊಡ್ಡ ಸ್ಟೇಜಿಗೆ ಅಂತಲೇ ಗಂಟಲು ಪಳಗಿಸಿಕೊಂಡಿರ್ತಾರಲ್ಲ, ಟೆನರ್ ಅಂತಾರೆ, ಅಂಥವರು ಹಾಡಿರೋದು" ಅಂದಳು.

"ಆ ಮೂರನೇದು, ಸಾವಿನ ಹಾಡು..." ಅಂದೆ.

ಅವಳು ಫೋನಿನಲ್ಲಿ ಓದಿಕೊಂಡು ತಲೆ ಎತ್ತಿದಳು. "ಸಾವಿನ ಹಾಡಾ? ಯಾರಮ್ಮ ಹೇಳಿದ್ದು? ಮೂರನೇದು ಮಗು ಮಲಗಿಸೋ ಹಾಡು. ತೊಟ್ಟಿಲು ತೂಗ್ತಾ ಹೇಳೋದು."

ನಾನು ಅಲ್ಲೇ ಹೊಸಲ ಮೇಲೆ ಕೂತುಬಿಟ್ಟೆ. ಥೂ ನನ್ನ ಜನ್ಮಕ್ಕಿಷ್ಟು! ಉಸಿರು ಸಿಗದೆ ತಿಂಗಳುಗಟ್ಟಲೆ ನಿದ್ದೆ ಕೆಟ್ಟ ಮನುಷ್ಯನಿಗೆ ಯಾರೋ ಕಾಣದೂರಿನವನು ತೊಟ್ಟಿಲು ತೂಗುತ್ತಿದ್ದ. ನಾನು ಹಾರಿ ಹೋಗಿ ತೊಟ್ಟಿಲು ಹಿಡಿದು ನಿಲ್ಲಿಸಿದೆ.

ಸಂಜೆ ಮಾವನ ಕೋಣೆಯಲ್ಲೇ ಎಡೆ ಹಾಕಿದೆವು. ಬಾಳೆ ಎಲೆಯ ಮೇಲೆ ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಹೊಸ ಪಂಚೆ, ಎಲೆ ಅಡಿಕೆ, ಅವರ ಸೀಟಿ. ಧೂಪ ಹಾಕಿ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು, ಹಿರಿಯರು ಬಂದು ಉಣ್ಣೋಕೆ. ಸ್ವಲ್ಪ ಹೊತ್ತು ಬಿಟ್ಟು, ಮೂರು ಸಲ ಬಾಗಿಲು ತಟ್ಟಿ ಒಳಗೆ ಹೋಗಬೇಕು. ಎಲ್ಲರೂ ಏಳುವಾಗ ನಾನು ಕ್ಯಾಸೆಟ್ಟನ್ನು ಹಾಗೇ ವಾಪಸ್ ಹಾಕಿಟ್ಟಿದ್ದ ಟೇಪ್‌ರೆಕಾರ್ಡರ್ ತಂದು ಎಲೆಯ ಪಕ್ಕ ಇಟ್ಟೆ.

"ಅದ್ಯಾಕವ್ವ ಅದು ಇಲ್ಲಿ?" ಅಂದರು ಅತ್ತೆ.

ಹೇಳಿದೆ. ಎಲ್ಲವನ್ನೂ ಹೇಳಿದೆ. ಅಜ್ಜಿಯ ಮಾತು, ನಿಂತ ಎದೆ, ನಾನು ಒತ್ತಿದ ಗುಂಡಿ, ಮಾವನ ಕೊನೇ ಮಾತು. ನಮ್ಮೆಜಮಾನರು ನನ್ನನ್ನು ನೋಡದೆ ದೀಪ ನೋಡುತ್ತಾ ನಿಂತರು. ಅತ್ತೆ ಎಲೆಯ ಪಕ್ಕದಿಂದ ಸೀಟಿ ಎತ್ತಿ ಸೆರಗಿನಿಂದ ಒರೆಸಿ ಮತ್ತೆ ಅಲ್ಲೇ ಇಟ್ಟರು. ಬೈದರೆ ಬೈಸಿಕೊಳ್ಳೋಣ, ಹೊಡೆದರೆ ಹೊಡೆಸಿಕೊಳ್ಳೋಣ ಅಂತ ತಲೆ ಬಗ್ಗಿಸಿದ್ದೆ.

"ಅದುಕ್ಕೇ ಕಾಗೆ ಮುಟ್ನಿಲ್ಲ" ಅಂದರು ಅತ್ತೆ. ಆಮೇಲೆ, "ಒತ್ತು" ಅಂದರು.

ಒತ್ತಿದೆ. ನಿಲ್ಲಿಸಿದ್ದ ಕಡೆಯಿಂದಲೇ, ಪದದ ನಡುವಿನಿಂದಲೇ ಆ ದನಿ ಎದ್ದಿತು. ಏಳು ತಿಂಗಳೂ ಆ ಹಾಡಿನವನು ಬಾಯಿ ತೆರೆದುಕೊಂಡೇ ನಿಂತಿದ್ದನೇನೋ ಅನ್ನಿಸಿತು. ಬೇಗ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು.

ನಾಲ್ಕೂ ಜನ ನಡುಮನೆಯಲ್ಲಿ ನಿಂತಿದ್ದೆವು. ಒಳಗೆ ಹಾಡು ನಡೆಯುತ್ತಿತ್ತು. ಸಾಲು ಮುಗಿಯಿತು, ಅವನು ಉಸಿರೆಳೆದ. ಅದರ ಹಿಂದೆಯೇ ಇನ್ನೊಂದು ಉಸಿರು. ಒರಟು, ಕೊನೆಯಲ್ಲಿ ಸಣ್ಣಗೆ ಸಿಳ್ಳೆ ಹಾಕುವ ಉಸಿರು. ಮಾವನ ಪಕ್ಕ ಕೂತು ಅದನ್ನು ನಾನು ಎಷ್ಟು ರಾತ್ರಿ ಕಾದಿದೀನಿ, ನನಗೆ ಗೊತ್ತಿಲ್ಲವೇ? ಮಗಳು ನನ್ನ ರಟ್ಟೆ ಹಿಡಿದುಕೊಂಡಳು, ಉಗುರು ನೆಟ್ಟಿತು. ಅತ್ತೆ ಅಂಗೈಯನ್ನು ಬಾಗಿಲಿಗೆ ಒತ್ತಿ ಹಿಡಿದಿದ್ದರು. ನಿಮಗೂ ಕೇಳಿಸ್ತಾ ಅಂತ ಯಾರೂ ಯಾರನ್ನೂ ಕೇಳಲಿಲ್ಲ.

ಕೊನೇ ಸಾಲಿಗೆ ಇಬ್ಬರೂ ಎಳೆದರು. ಹಿಡಿದರು. ನಾನೂ ಹಿಡಿದೆ. ದನಿ ತುದಿಯಲ್ಲಿ ಜಾರಿ ಸಣ್ಣಗಾಯಿತು, ಆಮೇಲೆ ಎರಡು ಉಸಿರೂ ಒಟ್ಟಿಗೆ, ನಿಧಾನವಾಗಿ ಹೊರಗೆ ಬಂದವು. ಆ ಬಿಡೋ ಸದ್ದಿಗೆ ನಾನು ಏಳು ತಿಂಗಳು ಕಾದಿದ್ದೆ. ಇನ್ನು ನಾಲ್ಕನೇ ಹಾಡು ಶುರುವಾಗಬೇಕಿತ್ತು. ಆಗಲಿಲ್ಲ. ಒಳಗೆ ಟಕ್ ಅಂತು.

ಅತ್ತೆ ಮೂರು ಸಲ ತಟ್ಟಿ ಬಾಗಿಲು ತೆಗೆದರು. ಮುದ್ದೆ ಹಾಗೇ ಇತ್ತು, ದೀಪ ಹಾಗೇ ಇತ್ತು. ಟೇಪ್‌ರೆಕಾರ್ಡರಿನ ಗುಂಡಿ ಮೇಲೆದ್ದಿತ್ತು. ಸುರುಳಿಯಲ್ಲಿ ಇನ್ನೂ ಅರ್ಧ ಟೇಪು ಉಳಿದಿತ್ತು.

"ಸಿಕ್ಕಾಕ್ಕಂಡಿರ್ಬೇಕು" ಅಂದರು ನಮ್ಮೆಜಮಾನರು. ಮುಟ್ಟಿ ನೋಡೋಕೆ ಮಾತ್ರ ಹೋಗಲಿಲ್ಲ.

"ಸುಮ್ಕಿರ್ಲಾ" ಅಂದರು ಅತ್ತೆ. "ಇಳುದ್ರು."

ನಾನು ಏನೋ ಹೇಳೋಕೆ ಬಾಯಿ ತೆರೆದೆ. ಮಾತು ಬರಲಿಲ್ಲ, ಅಜ್ಜಿಯ ರಾಗ ಬಂತು. ಕೊನೇ ಸೀಟು, ಸವೆದ ಸೀಟಿ, ಚನ್ನರಾಯಪಟ್ಟಣದಿಂದ ಅರಕಲಗೂಡಿನವರೆಗೂ ಕೂಗಿದ ಊರುಗಳ ಹೆಸರು, ಒಂದೊಂದಾಗಿ ಎಳೆದುಕೊಂಡು ಬಂತು. ನಾಚಿಕೆಯಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅತ್ತೆ ಬಂದು ನನ್ನ ಕೈ ಹಿಡಿದು ಕೆಳಗಿಳಿಸಿದರು.

"ಅಳವ್ವ" ಅಂದರು. "ಅರ್ಧಕ್ಕೆ ನಿಲ್ಲುಸ್ಬ್ಯಾಡ."